ಸೈಕಲ್ ಸವಾರರ ಸಾವನ್ನು ಬರೆಯುವ ಬಗೆ: ಕನ್ನಡ ಸುದ್ದಿಮನೆಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ, ಸುದ್ದಿ ಸಂಪಾದಕರೇ, ಜಿಲ್ಲಾ ಹಾಗೂ ತಾಲ್ಲೂಕು ವರದಿಗಾರರೇ,

ಕನ್ನಡದ ದಿನಪತ್ರಿಕೆಗಳು ಮತ್ತು ವಾರ್ತಾವಾಹಿನಿಗಳು ರಸ್ತೆಯನ್ನು ಕುರಿತು ಬರೆಯುವಾಗ ಸೈಕಲ್ ಸವಾರರಿಗೆ ಯಾವ ಸ್ಥಾನವನ್ನು ಕೊಡುತ್ತಿವೆ ಎಂಬ ಪ್ರಶ್ನೆಯನ್ನು ಈ ಪತ್ರವು ತಮ್ಮ ಮುಂದಿಡುತ್ತದೆ. ಕಾರು, ಲಾರಿ, ಬಸ್ಸುಗಳೊಂದಿಗೆ ಒಂದೇ ರಸ್ತೆಯನ್ನು ಹಂಚಿಕೊಂಡು ಸಾಗುವ ಸವಾರನೊಬ್ಬ ಡಿಕ್ಕಿಗೆ ಬಲಿಯಾದಾಗ ಆ ಸಾವನ್ನು ಹೇಗೆ ಬರೆಯಲಾಗುತ್ತದೆಯೋ, ಓದುಗರು ಹೊಣೆಯನ್ನು ಯಾರ ಮೇಲೆ ಹೊರಿಸುತ್ತಾರೆ ಮತ್ತು ಸರ್ಕಾರದಿಂದ ಯಾವ ಪರಿಹಾರವನ್ನು ಕೇಳುತ್ತಾರೆ ಎಂಬುದು ಬಹುಮಟ್ಟಿಗೆ ಅದರಿಂದಲೇ ತೀರ್ಮಾನವಾಗುತ್ತದೆ. ಸುದ್ದಿಯ ವಾಕ್ಯದಲ್ಲಿ ಚಾಲಕ, ವೇಗ ಮತ್ತು ರಸ್ತೆ ಈ ಮೂರೂ ಕಾಣದೆ ಹೋದರೆ ಸಮಾಜದ ಕಣ್ಣಿಗೂ ಅವು ಕಾಣುವುದಿಲ್ಲ. ಕಾಣದ ಕಾರಣವನ್ನು ಯಾರೂ ಸರಿಪಡಿಸುವುದಿಲ್ಲ. ಆದ್ದರಿಂದ ಸೈಕಲ್ ಸವಾರರ ಸುದ್ದಿಯನ್ನು ಬರೆಯುವ ಕ್ರಮವನ್ನು ಸುದ್ದಿಮನೆಗಳು ಬದಲಿಸಿಕೊಳ್ಳಬೇಕು ಎಂಬುದೇ ಈ ಪತ್ರದ ಒಟ್ಟು ವಾದ.

ಮೊದಲಿಗೆ ಈ ಸವಾರರು ಯಾರು ಎಂಬುದನ್ನು ಗಮನಿಸಬೇಕು. 2011ರ ಜನಗಣತಿಯು ಕೃಷಿ ಮತ್ತು ಗೃಹ ಕೈಗಾರಿಕೆಗಳನ್ನು ಬಿಟ್ಟು ಬೇರೆ ಕೆಲಸಗಳಲ್ಲಿ ತೊಡಗಿರುವವರನ್ನು 'ಇತರೆ ಕೆಲಸಗಾರರು' ಎಂದು ವಿಂಗಡಿಸಿ, ಅವರು ಕೆಲಸದ ಸ್ಥಳಕ್ಕೆ ಹೇಗೆ ಹೋಗುತ್ತಾರೆ ಎಂಬುದನ್ನು ದಾಖಲಿಸಿತು. ಆ ಲೆಕ್ಕದ ಪ್ರಕಾರ ದೇಶದಲ್ಲಿ ಇವರ ಪೈಕಿ ಶೇ 13ರಷ್ಟು ಮಂದಿ ಸೈಕಲ್ ತುಳಿದು ಕೆಲಸಕ್ಕೆ ಹೋಗುತ್ತಿದ್ದರೆ, ಕಾರು, ಜೀಪು, ವ್ಯಾನುಗಳಲ್ಲಿ ಹೋಗುತ್ತಿದ್ದವರು ಶೇ 3ನ್ನೂ ಮುಟ್ಟಿರಲಿಲ್ಲ. ಅದೇ ಜನಗಣತಿಯಲ್ಲಿ ಸೈಕಲ್ ಇದ್ದ ಕುಟುಂಬಗಳು ಸುಮಾರು ಶೇ 45, ಕಾರು ಇದ್ದ ಕುಟುಂಬಗಳು ಶೇ 4.7. ಅಂದಿನಿಂದ ಬೈಕು ಮತ್ತು ಕಾರುಗಳ ಸಂಖ್ಯೆ ಬಹಳ ಏರಿದೆ, ನಿಜ. ಆದರೂ ಕಟ್ಟಡ ಕಾರ್ಮಿಕರು, ಗಾರ್ಮೆಂಟ್ಸ್ ಮತ್ತು ಸಣ್ಣ ಕಾರ್ಖಾನೆಗಳ ನೌಕರರು, ಕಾವಲುಗಾರರು, ಹಾಲು, ಹೂವು, ಸೊಪ್ಪು ಮಾರುವವರು, ಶಾಲೆಯ ಮಕ್ಕಳು ಇಂದಿಗೂ ಸೈಕಲ್ಲನ್ನೇ ನಂಬಿದ್ದಾರೆ. ಕರ್ನಾಟಕ ಸರ್ಕಾರವೇ 2006–07ರಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿ, ಲಕ್ಷಾಂತರ ಮಕ್ಕಳನ್ನು ರಾಜ್ಯದ ರಸ್ತೆಗಳಿಗೆ ಸವಾರರನ್ನಾಗಿ ಇಳಿಸಿತು. ಹೀಗಿರುವಾಗ ರಸ್ತೆಯೆಂಬುದು ಮೋಟಾರು ವಾಹನಗಳ ಸ್ವತ್ತು, ಸೈಕಲ್ ಅಲ್ಲಿಗೆ ಬಂದ ಹೊರಗಿನದು ಎಂಬ ಭಾವನೆಗೆ ಯಾವ ಆಧಾರವೂ ಇಲ್ಲ.

ಇವರು ತೆರುತ್ತಿರುವ ಬೆಲೆಯೂ ಸಣ್ಣದಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಪಾದಚಾರಿಗಳು ಸುಮಾರು 32,800, ಸೈಕಲ್ ಸವಾರರು ಸುಮಾರು 4,800. ಅಂದರೆ ಪ್ರತಿದಿನ ಸರಾಸರಿ ಹದಿಮೂರು ಸೈಕಲ್ ಸವಾರರು ಈ ದೇಶದಲ್ಲಿ ಮನೆಗೆ ಮರಳುವುದಿಲ್ಲ. ಹದಿಮೂರು ಮಂದಿ ಒಂದೇ ಕಡೆ ಒಂದೇ ಘಳಿಗೆಯಲ್ಲಿ ಸತ್ತರೆ ಅದು ಮುಖಪುಟದ ಸುದ್ದಿಯಾಗಿ ಮಂತ್ರಿಗಳು ಸ್ಥಳಕ್ಕೆ ಧಾವಿಸುತ್ತಾರೆ. ಬೇರೆ ಬೇರೆ ಊರುಗಳಲ್ಲಿ ಒಬ್ಬೊಬ್ಬರಾಗಿ ಸತ್ತರೆ ಅವು ಒಳಪುಟಗಳ ನಾಲ್ಕು ಸಾಲಿನ ಸುದ್ದಿಗಳಾಗಿ ಹಂಚಿಹೋಗುತ್ತವೆ, ಮತ್ತು ಅವುಗಳ ನಡುವಿನ ಸಂಬಂಧ ಯಾರಿಗೂ ತಿಳಿಯದೆ ಉಳಿಯುತ್ತದೆ.

ಸುದ್ದಿ ಮಾಧ್ಯಮಗಳಲ್ಲಿ ಸೈಕಲ್ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಮೂರು ಸಂದರ್ಭಗಳಲ್ಲಿ. ಪರಿಸರ ದಿನಕ್ಕೋ ಆರೋಗ್ಯ ದಿನಕ್ಕೋ ನಡೆಯುವ ಸೈಕಲ್ ಜಾಥಾ ಮೊದಲನೆಯದು. ಪೆಟ್ರೋಲ್ ಬೆಲೆ ಏರಿದಾಗ ರಾಜಕಾರಣಿಗಳು ಸೈಕಲ್ ಏರಿ ನಡೆಸುವ ಪ್ರತಿಭಟನೆ ಎರಡನೆಯದು. ಸವಾರನ ಸಾವು ಮೂರನೆಯದು. ಮೊದಲಿನ ಎರಡರಲ್ಲಿ ಸೈಕಲ್ ಒಂದು ಸಂಕೇತ ಮಾತ್ರವಾಗಿ ಬಳಕೆಯಾಗುತ್ತದೆ, ಮೂರನೆಯದರಲ್ಲಿ ಅದು ಅವಶೇಷ ಮಾತ್ರವಾಗಿ ಚಿತ್ರದಲ್ಲಿ ಬೀಳುತ್ತದೆ. ದಿನನಿತ್ಯದ ಸಾರಿಗೆಯಾಗಿ, ಅಂದರೆ ಒಬ್ಬ ದುಡಿಯುವ ವ್ಯಕ್ತಿ ಮನೆಯಿಂದ ಕೆಲಸಕ್ಕೂ ಕೆಲಸದಿಂದ ಮನೆಗೂ ಹೋಗುವ ಸಾಧನವಾಗಿ, ಸೈಕಲ್ಲಿಗೆ ಸುದ್ದಿಯಲ್ಲಿ ಜಾಗ ಸಿಗುವುದು ಅಪರೂಪ. ಸಂಚಾರ ದಟ್ಟಣೆ, ಮೇಲ್ಸೇತುವೆ, ಸುರಂಗ ರಸ್ತೆ, ಪಾರ್ಕಿಂಗ್ ಶುಲ್ಕ ಇವುಗಳನ್ನು ಕುರಿತ ವರದಿಗಳಲ್ಲಿ 'ವಾಹನ ಸವಾರರ ಪರದಾಟ' ಎಂಬ ಮಾತು ಬಂದಾಗ ಅದರೊಳಗೆ ಸೈಕಲ್ ಸವಾರನನ್ನು ಸೇರಿಸಿ ಯೋಚಿಸುವ ಓದುಗರು ಹೆಚ್ಚಿಲ್ಲ.

ಸಾವಿನ ಸುದ್ದಿಯ ರಚನೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ವಿವರಣೆಗೆಂದು ಕಟ್ಟಿಕೊಂಡ ಒಂದು ಮಾದರಿ ಹೀಗಿದೆ: 'ಬೈಪಾಸ್ ರಸ್ತೆಯಲ್ಲಿ ಸೋಮವಾರ ರಾತ್ರಿ ಕಾರು ಡಿಕ್ಕಿಯಾಗಿ ಸೈಕಲ್ ಸವಾರ ಸ್ಥಳದಲ್ಲೇ ಮೃತಪಟ್ಟಿದ್ದಾರೆ. ಸೈಕಲ್‌ಗೆ ದೀಪ ಇರಲಿಲ್ಲ ಎನ್ನಲಾಗಿದೆ. ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ.' ಈ ಮೂರು ವಾಕ್ಯಗಳಲ್ಲಿ ಸುಳ್ಳೆನ್ನಬಹುದಾದುದು ಏನೂ ಇಲ್ಲದಿರಬಹುದು. ಆದರೆ ಮೊದಲ ವಾಕ್ಯದಲ್ಲಿ ಡಿಕ್ಕಿಯಾದದ್ದು ಕಾರು. ಅದನ್ನು ಓಡಿಸುತ್ತಿದ್ದ ಮನುಷ್ಯ ವಾಕ್ಯದಲ್ಲೇ ಇಲ್ಲ. ಸವಾರನಾದರೋ ಮನುಷ್ಯನಾಗಿಯೇ ಇದ್ದಾನೆ, ಹಾಗಾಗಿ ಇಡೀ ಸುದ್ದಿಯಲ್ಲಿ ತಪ್ಪು ಮಾಡಲು ಸಾಧ್ಯವಿರುವ ಏಕೈಕ ವ್ಯಕ್ತಿ ಸತ್ತವನೇ ಆಗುತ್ತಾನೆ. ಎರಡನೆಯ ವಾಕ್ಯ ಅವನ ಕೊರತೆಯೊಂದನ್ನು ಹೆಸರಿಸುತ್ತದೆ, ಆದರೆ ಹಾಗೆ ಹೇಳಿದವರು ಯಾರು, ಅವರಿಗೆ ಅದು ಹೇಗೆ ಗೊತ್ತು ಎಂಬುದನ್ನು 'ಎನ್ನಲಾಗಿದೆ' ಎಂಬ ಕ್ರಿಯಾಪದ ಮರೆಮಾಡುತ್ತದೆ. ಕಾರಿನ ವೇಗ ಎಷ್ಟಿತ್ತು, ಆ ರಸ್ತೆಯ ವೇಗಮಿತಿ ಎಷ್ಟು, ಬೀದಿದೀಪ ಉರಿಯುತ್ತಿತ್ತೇ, ಅಲ್ಲಿ ಹಿಂದೆಯೂ ಸಾವುಗಳಾಗಿವೆಯೇ ಎಂಬ ಪ್ರಶ್ನೆಗಳು ಹುಟ್ಟುವ ಮೊದಲೇ ಸುದ್ದಿ ಮುಗಿದಿರುತ್ತದೆ. ಇದಕ್ಕೆ ಜೊತೆಯಾಗಿ 'ಯಮಸ್ವರೂಪಿ ಲಾರಿ', 'ಜವರಾಯನಂತೆ ಬಂದ ಟಿಪ್ಪರ್', 'ವಿಧಿಯಾಟ' ಮುಂತಾದ ರೂಢಿಯ ನುಡಿಗಳು ತಲೆಬರಹದಲ್ಲಿ ಸೇರಿಕೊಂಡರೆ, ಮನುಷ್ಯರ ನಿರ್ಧಾರಗಳಿಂದ ಆದ ಸಾವು ದೈವದ ಲೆಕ್ಕಕ್ಕೆ ಜಮೆಯಾಗುತ್ತದೆ. ದೈವಕ್ಕೆ ವೇಗಮಿತಿಯನ್ನು ವಿಧಿಸಲು ಬರುವುದಿಲ್ಲ, ಚಾಲಕನಿಗೆ ವಿಧಿಸಬಹುದು; ತಿರುವಿನ ವಿನ್ಯಾಸವನ್ನು ಎಂಜಿನಿಯರಿನಿಂದ ಬದಲಾಯಿಸಿಕೊಳ್ಳಬಹುದು.

ಇಂಥ ವರದಿಗಳು ದುರುದ್ದೇಶದಿಂದ ಹುಟ್ಟುತ್ತವೆ ಎಂದು ಭಾವಿಸುವುದು ಅನ್ಯಾಯವಾದೀತು. ತಾಲ್ಲೂಕಿನ ವರದಿಗಾರನಿಗೆ ರಾತ್ರಿಯ ಗಡುವಿನೊಳಗೆ ಸಿಗುವ ಮೂಲವೆಂದರೆ ಪೊಲೀಸ್ ಠಾಣೆ. ಠಾಣೆಗೆ ಸಿಗುವ ಮೊದಲ ಹೇಳಿಕೆ ಬದುಕುಳಿದವರದು. ಕಾರು ಸೈಕಲ್ಲಿಗೆ ಬಡಿದಾಗ ಬದುಕುಳಿಯುವವರು ಸಾಮಾನ್ಯವಾಗಿ ಕಾರಿನೊಳಗಿನವರೇ ಆಗಿರುವುದರಿಂದ, 'ಸವಾರ ಇದ್ದಕ್ಕಿದ್ದಂತೆ ಅಡ್ಡ ಬಂದ' ಎಂಬ ಮಾತಿಗೆ ಎದುರು ಮಾತಾಡಬೇಕಾದವನು ಶವಾಗಾರದಲ್ಲಿರುತ್ತಾನೆ. ಪ್ರಥಮ ವರ್ತಮಾನ ವರದಿಯಲ್ಲಿ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು, ಅಂದರೆ ಸಾರ್ವಜನಿಕ ರಸ್ತೆಯಲ್ಲಿ ಅಜಾಗರೂಕ ಚಾಲನೆ, ಮತ್ತು 106ನೇ ಕಲಮು, ಅಂದರೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾಗುವುದು, ಈ ಎರಡೂ ನಮೂದಾಗಿದ್ದರೂ ಸುದ್ದಿಯಲ್ಲಿ ಅವು 'ಪ್ರಕರಣ ದಾಖಲಾಗಿದೆ' ಎಂಬ ಎರಡು ಪದಗಳಲ್ಲಿ ಕರಗಿಹೋಗುತ್ತವೆ. ಆಪಾದನೆ ಯಾರ ಮೇಲಿದೆ, ಏನೆಂದು ಇದೆ ಎಂಬುದನ್ನು ಒಂದೇ ಒಂದು ಉಪವಾಕ್ಯದಲ್ಲಿ ಬರೆದರೂ ಸುದ್ದಿಯ ತೂಕ ಸಮವಾಗುತ್ತದೆ. ಅದಕ್ಕೆ ಹೆಚ್ಚಿನ ಜಾಗವೂ ಬೇಡ, ಹೆಚ್ಚಿನ ಸಮಯವೂ ಬೇಡ.

ವಾಕ್ಯರಚನೆಯಿಂದ ಓದುಗರ ತೀರ್ಪು ಬದಲಾಗುತ್ತದೆ ಎಂಬುದಕ್ಕೆ ಪ್ರಯೋಗದ ಆಧಾರವಿದೆ. ಅಮೆರಿಕದಲ್ಲಿ ಟಾರಾ ಗೊಡಾರ್ಡ್, ಕೆಲ್ಸಿ ರಾಲ್ಫ್ ಮತ್ತು ಅವರ ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾದಚಾರಿಯೊಬ್ಬರಿಗೆ ವಾಹನ ಬಡಿದ ಒಂದೇ ಘಟನೆಯನ್ನು ಮೂರು ಬಗೆಯಲ್ಲಿ ಬರೆದು ಸುಮಾರು ಒಂದು ಸಾವಿರ ಮಂದಿಗೆ ಓದಿಸಲಾಯಿತು. ಒಂದು ಬರಹ ಪಾದಚಾರಿಯನ್ನು ವಾಕ್ಯದ ಕೇಂದ್ರದಲ್ಲಿಟ್ಟಿತ್ತು, ಇನ್ನೊಂದು ಚಾಲಕನನ್ನು. ಮೂರನೆಯದು ಚಾಲಕನನ್ನು ಕೇಂದ್ರದಲ್ಲಿಟ್ಟುದಲ್ಲದೆ ಆ ರಸ್ತೆಯ ಸ್ವರೂಪವನ್ನೂ ಅಲ್ಲಿನ ಹಿಂದಿನ ಸಾವುಗಳನ್ನೂ ಹೇಳಿತ್ತು. ಮೊದಲ ಬರಹವನ್ನು ಓದಿದವರು ಬಲಿಯಾದವರನ್ನೇ ಹೆಚ್ಚಾಗಿ ದೂರಿದರು. ಮೂರನೆಯದನ್ನು ಓದಿದವರು ರಸ್ತೆಯನ್ನು ಸುಧಾರಿಸಬೇಕೆಂಬ ಪರಿಹಾರದತ್ತ ಹೆಚ್ಚಾಗಿ ಒಲಿದರು. ಮಾಧ್ಯಮ ಅಧ್ಯಯನದಲ್ಲಿ ಬಿಡಿ ಘಟನೆಯನ್ನಷ್ಟೇ ಹೇಳುವ ವರದಿಯನ್ನು ಘಟನಾಕೇಂದ್ರಿತ ಎಂದೂ, ಅಂಥ ಘಟನೆಗಳ ಸರಣಿಯನ್ನೂ ಕಾರಣಗಳನ್ನೂ ಜೋಡಿಸಿ ಹೇಳುವ ವರದಿಯನ್ನು ವಿಷಯಕೇಂದ್ರಿತ ಎಂದೂ ಪ್ರತ್ಯೇಕಿಸುತ್ತಾರೆ. ಇದೇ ತಂಡದವರು ಪಾದಚಾರಿಗಳು ಮತ್ತು ಸೈಕಲ್ ಸವಾರರ ಡಿಕ್ಕಿಗಳನ್ನು ಕುರಿತ 200 ಸ್ಥಳೀಯ ವರದಿಗಳನ್ನು ಪರಿಶೀಲಿಸಿದಾಗ, ವಿಷಯಕೇಂದ್ರಿತ ವರದಿಗಳು ತೀರ ವಿರಳವಾಗಿದ್ದವು. ಕನ್ನಡದ ಸುದ್ದಿಗಳನ್ನು ಈ ಅಳತೆಯಲ್ಲಿ ಪರಿಶೀಲಿಸಿ ನೋಡುವ ಕೆಲಸವನ್ನು ರಾಜ್ಯದ ಪತ್ರಿಕೋದ್ಯಮ ವಿಭಾಗಗಳು ಕೈಗೆತ್ತಿಕೊಳ್ಳಬೇಕು.

ರಸ್ತೆಯ ಸಾವಿಗೆ ಸತ್ತವರನ್ನೇ ಹೊಣೆ ಮಾಡುವ ಈ ಕ್ರಮ ಮೊದಲಿನಿಂದಲೂ ಇದ್ದದ್ದಲ್ಲ, ಒಂದು ಕಾಲಘಟ್ಟದಲ್ಲಿ ಅದನ್ನು ಕಟ್ಟಲಾಯಿತು. ಇತಿಹಾಸಕಾರ ಪೀಟರ್ ನಾರ್ಟನ್ 2008ರಲ್ಲಿ ಪ್ರಕಟವಾದ ತಮ್ಮ ಸಂಶೋಧನೆಯಲ್ಲಿ ತೋರಿಸಿರುವಂತೆ, 1920ರ ದಶಕದ ಆರಂಭದಲ್ಲಿ ಅಮೆರಿಕದ ಪತ್ರಿಕೆಗಳು ಬೀದಿಯಲ್ಲಿ ಮಕ್ಕಳನ್ನು ಕೊಲ್ಲುತ್ತಿದ್ದ ಮೋಟಾರುಗಳ ವಿರುದ್ಧ ಕಟುವಾಗಿ ಬರೆಯುತ್ತಿದ್ದವು. 1923ರಲ್ಲಿ ಸಿನ್ಸಿನಾಟಿ ನಗರದ 42,000 ಮಂದಿ, ಗಂಟೆಗೆ 25 ಮೈಲಿಗಿಂತ ವೇಗವಾಗಿ ಓಡದಂತೆ ಕಾರುಗಳಿಗೆ ಯಂತ್ರ ಅಳವಡಿಸಬೇಕೆಂಬ ಮನವಿಗೆ ಸಹಿ ಹಾಕಿದರು. ಮೋಟಾರು ಉದ್ಯಮ ಒಗ್ಗೂಡಿ ಆ ಪ್ರಸ್ತಾವವನ್ನು ಮತದಾನದಲ್ಲಿ ಸೋಲಿಸಿತು. ಅದಾದ ಮೇಲೆ ಮೋಟಾರು ತಯಾರಕರ ರಾಷ್ಟ್ರೀಯ ಮಂಡಳಿಯು ಪತ್ರಿಕೆಗಳಿಗಾಗಿಯೇ ಒಂದು ಸುದ್ದಿಸೇವೆಯನ್ನು ತೆರೆಯಿತು: ವರದಿಗಾರರು ಡಿಕ್ಕಿಯ ವಿವರಗಳನ್ನು ಕಳಿಸಿದರೆ ಮಂಡಳಿಯು ಅದನ್ನು ಸಿದ್ಧ ಸುದ್ದಿಯಾಗಿ ಬರೆದು ಹಿಂದಿರುಗಿಸುತ್ತಿತ್ತು, ಮತ್ತು ಆ ಬರಹಗಳಲ್ಲಿ ತಪ್ಪು ನಡೆದುಹೋಗುವವರ ಕಡೆಗೆ ಸರಿಯುತ್ತಿತ್ತು. ಕೆಲವೇ ವರ್ಷಗಳಲ್ಲಿ ರಸ್ತೆಯ ಬಗೆಗಿನ ಸಾರ್ವಜನಿಕ ತಿಳಿವಳಿಕೆ ತಲೆಕೆಳಗಾಯಿತು. ಸುದ್ದಿಯ ಮೂಲಕ ಕಟ್ಟಿದ್ದನ್ನು ಸುದ್ದಿಯ ಮೂಲಕವೇ ತಿದ್ದಲು ಸಾಧ್ಯವಿದೆ ಎಂಬುದು ಈ ಇತಿಹಾಸದಿಂದ ದೊರೆಯುವ ಪಾಠ.

ಸೈಕಲ್ ಸವಾರರ ಮೇಲೆ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುವ ಆಕ್ಷೇಪಗಳನ್ನು ಸುದ್ದಿಮನೆಗಳು ಪರೀಕ್ಷಿಸದೆ ಪ್ರಸಾರ ಮಾಡಬಾರದು. ಸವಾರರು ರಸ್ತೆ ತೆರಿಗೆ ಕಟ್ಟುವುದಿಲ್ಲ ಎಂಬುದು ಅವುಗಳಲ್ಲಿ ಮೊದಲನೆಯದು. ಕರ್ನಾಟಕ ಮೋಟಾರು ವಾಹನ ತೆರಿಗೆ ಅಧಿನಿಯಮ, 1957ರ ಅಡಿಯಲ್ಲಿ ಸಂಗ್ರಹವಾಗುವುದು ವಾಹನದ ಮೇಲಿನ ತೆರಿಗೆ. ಅದು ರಸ್ತೆಯನ್ನು ಕೊಂಡುಕೊಂಡ ಬೆಲೆಯಲ್ಲ. ನಗರದ ಬೀದಿಗಳು ಆಸ್ತಿ ತೆರಿಗೆಯಿಂದಲೂ ಸರ್ಕಾರದ ಸಾಮಾನ್ಯ ಅನುದಾನದಿಂದಲೂ ನಿರ್ಮಾಣವಾಗುತ್ತವೆ, ಮತ್ತು ಸೈಕಲ್ಲಿಗೂ ಅದರ ಟೈರಿಗೂ ಜಿಎಸ್‌ಟಿ ಕಟ್ಟುವ ಕಾರ್ಮಿಕನೂ ಅದಕ್ಕೆ ಪಾಲು ಕೊಟ್ಟಿರುತ್ತಾನೆ. ರಸ್ತೆಗೆ ಆಗುವ ಸವೆತದ ಲೆಕ್ಕವನ್ನೂ ಇಲ್ಲಿ ನೋಡಬೇಕು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ, ಅಚ್ಚಿನ ಮೇಲಿನ ಭಾರ ಹೆಚ್ಚಾದಂತೆ ರಸ್ತೆಗೆ ಆಗುವ ಹಾನಿ ಸುಮಾರು ಅದರ ನಾಲ್ಕನೇ ಘಾತದಷ್ಟು ಹೆಚ್ಚುತ್ತದೆ ಎಂಬ ಸೂತ್ರ ರೂಪುಗೊಂಡಿತು. ಸವಾರನೂ ಸೇರಿ 100 ಕಿಲೋ ತೂಗುವ ಸೈಕಲ್ಲನ್ನು 1,500 ಕಿಲೋ ತೂಗುವ ಕಾರಿಗೆ ಹೋಲಿಸಿದರೆ ಅಚ್ಚಿನ ಭಾರ ಹದಿನೈದು ಪಟ್ಟು. ಹಾನಿ ಈ ಸೂತ್ರದ ಪ್ರಕಾರ ಐವತ್ತು ಸಾವಿರ ಪಟ್ಟು.

ಸವಾರರು ಅಂಚಿನಲ್ಲಿ ಹೋಗದೆ ನಡುವೆ ಬರುತ್ತಾರೆ ಎಂಬುದು ಎರಡನೆಯ ಆಕ್ಷೇಪ. ನಮ್ಮ ರಸ್ತೆಗಳ ಅಂಚಿನಲ್ಲಿ ಮರಳು, ಚರಂಡಿಯ ಕಬ್ಬಿಣದ ಜಾಲರಿ, ಗುಂಡಿ ಮತ್ತು ಸಾಲಾಗಿ ನಿಂತ ವಾಹನಗಳು ಇರುತ್ತವೆ. ನಿಂತ ಕಾರಿನ ಬಾಗಿಲು ಇದ್ದಕ್ಕಿದ್ದಂತೆ ತೆರೆದುಕೊಂಡು ಸವಾರನಿಗೆ ಬಡಿಯುವುದು ನಗರಗಳಲ್ಲಿ ಗಂಭೀರ ಗಾಯಗಳಿಗೆ ಕಾರಣವಾಗುವ ಒಂದು ಬಗೆಯ ಡಿಕ್ಕಿ. ಬಾಗಿಲಿನ ಅಗಲದಷ್ಟು ದೂರ ಬಿಟ್ಟು ಸಾಗುವುದು ಅದರಿಂದ ಪಾರಾಗುವ ಸರಿಯಾದ ಕ್ರಮ. ಬ್ರಿಟನ್ 2022ರ ಜನವರಿಯಲ್ಲಿ ತನ್ನ ರಸ್ತೆ ನಿಯಮಾವಳಿಯನ್ನು ಪರಿಷ್ಕರಿಸಿ, ಹೆಚ್ಚು ಹಾನಿ ಮಾಡಬಲ್ಲವರ ಮೇಲೆ ಹೆಚ್ಚು ಹೊಣೆ ಎಂಬ ಶ್ರೇಣಿಯನ್ನು ಅಂಗೀಕರಿಸಿತು, ಸೈಕಲ್ಲನ್ನು ಹಿಂದಿಕ್ಕುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕೆಂದು ಹೇಳಿತು, ಬಾಗಿಲನ್ನು ಅದರಿಂದ ದೂರದ ಕೈಯಿಂದ ತೆರೆದರೆ ತಲೆ ಸಹಜವಾಗಿ ಹಿಂದಕ್ಕೆ ತಿರುಗುತ್ತದೆಂದು ಸಲಹೆಯನ್ನೂ ಕೊಟ್ಟಿತು. ಅಲ್ಲಿನ ಕೆಲವು ಪತ್ರಿಕೆಗಳು ಈ ಸಲಹೆಯನ್ನೇ ತಿರುಚಿ, ತಪ್ಪು ಕೈಯಿಂದ ಬಾಗಿಲು ತೆರೆದರೆ 1,000 ಪೌಂಡ್ ದಂಡ ಬೀಳುತ್ತದೆ ಎಂದು ಬರೆದವು. ದಂಡ ಇದ್ದದ್ದು ಬಾಗಿಲು ತೆರೆದು ಇತರರಿಗೆ ಅಪಾಯ ಒಡ್ಡುವುದಕ್ಕೆ, ಮತ್ತು ಅದು ಹೊಸದೂ ಆಗಿರಲಿಲ್ಲ. ಜೀವ ಉಳಿಸಬೇಕಾದ ಮಾಹಿತಿ ಹೀಗೆ ಕಾರಿನವರನ್ನು ಕೆರಳಿಸುವ ಸುದ್ದಿಯಾಗಿ ಮಾರ್ಪಟ್ಟಿತು.

ಹೆಲ್ಮೆಟ್ ಇರಲಿಲ್ಲ ಎಂಬುದು ಸಾವಿನ ಸುದ್ದಿಗಳಲ್ಲಿ ಅನಾಯಾಸವಾಗಿ ಸೇರಿಕೊಳ್ಳುವ ಮಾತು. ಮೋಟಾರು ವಾಹನಗಳ ಅಧಿನಿಯಮ, 1988ರ 129ನೇ ಕಲಮು ಹೆಲ್ಮೆಟ್ಟನ್ನು ಕಡ್ಡಾಯ ಮಾಡಿರುವುದು ಮೋಟಾರು ದ್ವಿಚಕ್ರ ವಾಹನಗಳಿಗೆ. ಸೈಕಲ್ ಸವಾರರಿಗೆ ಅಂಥ ಕಡ್ಡಾಯವಿಲ್ಲ. ಸೈಕಲ್ ಹೆಲ್ಮೆಟ್ ಉಪಯುಕ್ತ ಸಾಧನವೇ ಸರಿ, ಆದರೆ ಐರೋಪ್ಯ ಮಾನದಂಡದ ಪ್ರಕಾರ ಅದನ್ನು ಪರೀಕ್ಷಿಸುವುದು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದ ಆಘಾತಕ್ಕೆ. ಲಾರಿಯ ಚಕ್ರದಡಿ ಸಿಕ್ಕಿ ಸತ್ತವರ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲವೆಂದು ಬರೆಯುವುದರಿಂದ ಸಾವಿನ ಕಾರಣ ತಿಳಿಯುವುದಿಲ್ಲ. ದೀಪವಿಲ್ಲದೆ, ಎದುರು ದಿಕ್ಕಿನಲ್ಲಿ, ಸಿಗ್ನಲ್ ಮೀರಿ ಸೈಕಲ್ ತುಳಿಯುವವರು ಇದ್ದಾರೆ ಎಂಬುದು ಸತ್ಯ. ಅದು ತಪ್ಪು, ಅದನ್ನು ತಿದ್ದಬೇಕು. ಆದರೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ 1,300 ಕಿಲೋ ತೂಕದ ಕಾರಿನ ಚಲನಶಕ್ತಿ, 15 ಕಿಲೋಮೀಟರ್ ವೇಗದಲ್ಲಿರುವ 90 ಕಿಲೋ ತೂಕದ ಸೈಕಲ್ ಮತ್ತು ಸವಾರನ ಚಲನಶಕ್ತಿಗಿಂತ ಸುಮಾರು 160 ಪಟ್ಟು ಹೆಚ್ಚು. ಇಬ್ಬರೂ ತಪ್ಪು ಮಾಡಬಹುದು, ಆದರೆ ಇಬ್ಬರ ತಪ್ಪಿನ ಫಲ ಸಮವಲ್ಲ. ಒಬ್ಬ ಕಾರು ಚಾಲಕ ನಿಯಮ ಮುರಿದಾಗ ಎಲ್ಲ ಕಾರಿನವರನ್ನೂ ದೂರದ ಮಾಧ್ಯಮ, ಒಬ್ಬ ಸವಾರನ ತಪ್ಪಿಗೆ ಸವಾರರೆಲ್ಲರನ್ನೂ ಒಂದು ಗುಂಪಾಗಿಸಿ ದೂರುವುದು ನ್ಯಾಯವಲ್ಲ. ಹಾಗೆ ಗುಂಪಾಗಿಸುವುದರ ಪರಿಣಾಮವೂ ಗಂಭೀರವಾದದ್ದು. ಆಸ್ಟ್ರೇಲಿಯಾದಲ್ಲಿ 442 ಮಂದಿಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸೈಕಲ್ ಸವಾರರನ್ನು ಪೂರ್ಣ ಮನುಷ್ಯರಿಗಿಂತ ಕೆಳಗಿನವರೆಂದು ಎಣಿಸುವವರು ರಸ್ತೆಯಲ್ಲಿ ಅವರ ಮೇಲೆ ಹೆಚ್ಚು ಆಕ್ರಮಣಕಾರಿಯಾಗಿ ವರ್ತಿಸಿದ್ದಾಗಿ ತಾವೇ ಒಪ್ಪಿಕೊಂಡುದನ್ನು ದಾಖಲಿಸಿದೆ.

ಸೈಕಲ್ ಪಥಗಳ ಸುದ್ದಿಯಲ್ಲಿಯೂ ಇದೇ ವಾಲಿಕೆ ಕಾಣುತ್ತದೆ. ಬೆಂಗಳೂರಿನ ಜಯನಗರದಲ್ಲಿ 2012ರ ಸುಮಾರಿಗೆ ಸೈಕಲ್ ಪಥಗಳನ್ನು ಗುರುತಿಸಲಾಯಿತು. ಅವುಗಳ ಮೇಲೆ ಕಾರು, ಬೈಕುಗಳು ನಿಂತು ಅವು ಬಳಕೆಗೆ ಬಾರದೆ ಹೋದವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ತಾತ್ಕಾಲಿಕ ಸೈಕಲ್ ಪಥವನ್ನು ನಿರ್ಮಿಸಿದಾಗಲೂ ಅದರೊಳಗೆ ಬೈಕುಗಳು ನುಗ್ಗಿದವು. ಇಂಥ ಕಡೆ 'ಯಾರೂ ಬಳಸದ ಸೈಕಲ್ ಪಥಕ್ಕೆ ಹಣ ಪೋಲು' ಎಂದು ಬರೆಯುವುದು ಸುಲಭ. ಪಥವನ್ನು ಯಾರು ಆಕ್ರಮಿಸಿದ್ದಾರೆ, ಅವರಿಗೆ ದಂಡ ಬಿದ್ದಿದೆಯೇ, ಪಥ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮುರಿಯದೆ ಸಾಗುತ್ತದೆಯೇ ಎಂದು ವಿಚಾರಿಸುವುದು ಪತ್ರಿಕೋದ್ಯಮ. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಸೈಕಲ್ ಹಂಚಿಕೆ ವ್ಯವಸ್ಥೆ, ಅಂದರೆ ಒಂದು ನಿಲ್ದಾಣದಲ್ಲಿ ಬಾಡಿಗೆಗೆ ಪಡೆದ ಸೈಕಲ್ಲನ್ನು ಇನ್ನೊಂದರಲ್ಲಿ ಬಿಡಬಹುದಾದ ಏರ್ಪಾಡು, ಆರಂಭವಾದಾಗ ಅದಕ್ಕೆ ಒಳ್ಳೆಯ ಪ್ರಚಾರ ಸಿಕ್ಕಿತು. ಉದ್ಘಾಟನೆಗೆ ಸಿಗುವ ಆ ಗಮನ ನಿರ್ವಹಣೆಗೂ ಸುರಕ್ಷಿತ ಪಥಗಳ ಬೇಡಿಕೆಗೂ ಸಿಗಬೇಕು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ರಸ್ತೆಗಳು ವಾಹನಗಳಿಗಿಂತ ಜನರ ಸಂಚಾರಕ್ಕೆ ಆದ್ಯತೆ ಕೊಡಬೇಕೆಂದು ಹೇಳಿದೆ. ಅದಕ್ಕೆ ತೀರ ವಿರುದ್ಧವಾಗಿ ಕೋಲ್ಕತ್ತದಲ್ಲಿ 2013ರಲ್ಲಿ 174 ರಸ್ತೆಗಳಿಂದ ಸೈಕಲ್‌ಗಳನ್ನು ಹೊರಗಿಡಲಾಯಿತು. ನೀತಿ ಮತ್ತು ನಡೆಯ ನಡುವಿನ ಈ ಅಂತರವನ್ನು ಬಯಲಿಗೆ ತರಬೇಕಾದವರು ವರದಿಗಾರರೇ.

ಕಾರನ್ನು ಸಹಜವೆಂದೂ ಉಳಿದೆಲ್ಲವನ್ನು ಅಡ್ಡಿಯೆಂದೂ ಕಾಣುವ ಮನೋಭಾವಕ್ಕೆ ಸಂಶೋಧಕರು ಒಂದು ಹೆಸರಿಟ್ಟಿದ್ದಾರೆ; ಅದನ್ನು ಕನ್ನಡದಲ್ಲಿ ಮೋಟಾರು ರೂಢಿವಾದ ಎನ್ನಬಹುದು. ಬ್ರಿಟನ್ನಿನ ಇಯಾನ್ ವಾಕರ್ ಮತ್ತು ಸಂಗಡಿಗರು ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಸಮೀಕ್ಷೆ ನಡೆಸಿ, ಜನನಿಬಿಡ ಸ್ಥಳಗಳಲ್ಲಿ ಇತರರು ಹೊಗೆ ಸೇವಿಸಬೇಕಾಗುವಂತೆ ಧೂಮಪಾನ ಮಾಡಬಾರದು ಎಂಬ ಹೇಳಿಕೆಯನ್ನು ಅರ್ಧದಷ್ಟು ಮಂದಿಗೂ, ಅದೇ ಹೇಳಿಕೆಯಲ್ಲಿ ಧೂಮಪಾನದ ಬದಲು ಕಾರು ಚಾಲನೆ ಎಂದು ಬದಲಿಸಿ ಉಳಿದ ಅರ್ಧಕ್ಕೂ ಕೊಟ್ಟರು. ಮೊದಲನೆಯದನ್ನು ಶೇ 75 ಮಂದಿ ಒಪ್ಪಿದರು, ಎರಡನೆಯದನ್ನು ಒಪ್ಪಿದವರು ಶೇ 17. ಹಾನಿ ಒಂದೇ ಆದರೂ ಅದು ಕಾರಿನಿಂದ ಬಂದಾಗ ಮನಸ್ಸು ಅದನ್ನು ಮನ್ನಿಸುತ್ತದೆ. ಸುದ್ದಿಮನೆಯಲ್ಲಿ ಕುಳಿತವರೂ ಈ ಸಮಾಜದವರೇ ಆದ್ದರಿಂದ ಈ ಮನ್ನಿಸುವಿಕೆ ಅವರ ಬರಹದಲ್ಲೂ ನುಸುಳುವುದು ಸಹಜ. ಅದನ್ನು ಗುರುತಿಸಿ ತಡೆಯುವುದು ವೃತ್ತಿಧರ್ಮ.

ಪತ್ರಕರ್ತರು ಈ ರೂಢಿಯನ್ನು ಮುರಿದು ದೇಶದ ದಿಕ್ಕನ್ನೇ ಬದಲಿಸಿದ ಉದಾಹರಣೆ ಇದೆ. 1971ರಲ್ಲಿ ನೆದರ್ಲೆಂಡ್ಸ್‌ನ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಸತ್ತ ಮಕ್ಕಳಲ್ಲಿ ಒಬ್ಬಳ ತಂದೆಯಾದ ವಿಕ್ ಲಾಂಗನ್‌ಹೊಫ್ ಎಂಬ ಪತ್ರಕರ್ತ 1972ರಲ್ಲಿ 'ದೆ ತೈಡ್' ಪತ್ರಿಕೆಯಲ್ಲಿ, 'ಮಕ್ಕಳ ಕೊಲೆಯನ್ನು ನಿಲ್ಲಿಸಿ' ಎಂಬ ಶೀರ್ಷಿಕೆಯ ಲೇಖನ ಬರೆದರು. ಆ ಶೀರ್ಷಿಕೆಯೇ ಒಂದು ಜನಾಂದೋಲನದ ಹೆಸರಾಯಿತು. ಪೋಷಕರೂ ಮಕ್ಕಳೂ ಬೀದಿಗಿಳಿದರು; 1973ರ ತೈಲ ಬಿಕ್ಕಟ್ಟು ಅವರ ವಾದಕ್ಕೆ ಬಲ ಕೊಟ್ಟಿತು; ಸರ್ಕಾರ ವಸತಿ ಬೀದಿಗಳಲ್ಲಿ ವೇಗ ಇಳಿಸಿ, ಪ್ರತ್ಯೇಕ ಸೈಕಲ್ ಪಥಗಳನ್ನು ಕಟ್ಟತೊಡಗಿತು. 2010ರ ದಶಕದ ಹೊತ್ತಿಗೆ ಆ ದೇಶದ ರಸ್ತೆ ಸಾವುಗಳು ವರ್ಷಕ್ಕೆ 570ರಿಂದ 680ರ ನಡುವೆ ಇಳಿದಿದ್ದವು. ಇಂದು ಸೈಕಲ್ಲಿನ ನಾಡೆಂದು ಹೆಸರಾದ ದೇಶ ಹಾಗಾದದ್ದು ಹವಾಮಾನದಿಂದಲೋ ಸಮತಟ್ಟಾದ ನೆಲದಿಂದಲೋ ಮಾತ್ರವಲ್ಲ, ಸಾವನ್ನು ವಿಧಿಯೆಂದು ಬರೆಯಲು ಒಪ್ಪದ ಬರವಣಿಗೆಯೂ ಅದಕ್ಕೆ ಕಾರಣ. ನಮ್ಮ ನೆರೆಯ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಅಂಗವಾಗಿ ಅಪಾರ ಸಂಖ್ಯೆಯ ಗ್ರಾಮೀಣ ಮಹಿಳೆಯರು ಸೈಕಲ್ ಕಲಿತದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ವರದಿ ಮಾಡಿದಾಗ, ಆ ಸೈಕಲ್ ಅವರಿಗೆ ತಂದ ಸ್ವಾತಂತ್ರ್ಯ ಮತ್ತು ಆದಾಯ ದೇಶಕ್ಕೆ ಕಂಡಿತು. ಸೈಕಲ್ಲನ್ನು ದುಡಿಯುವವರ ಸಾರಿಗೆಯಾಗಿ ಕಂಡು ಬರೆಯುವುದು ಭಾರತೀಯ ಪತ್ರಿಕೋದ್ಯಮಕ್ಕೆ ಅಪರಿಚಿತವಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಬೇಕು. ಸಾವುಗಳನ್ನು ಹೆಚ್ಚು ಹೆಚ್ಚು ವರದಿ ಮಾಡಿದರೆ ಸಾಲದು. ಲಂಡನ್ನಿನ ಸ್ಥಳೀಯ ಪತ್ರಿಕೆಗಳನ್ನು 1992ರಿಂದ 2012ರವರೆಗೆ ಪರಿಶೀಲಿಸಿದ ಅಧ್ಯಯನದ ಪ್ರಕಾರ, ಸೈಕಲ್ ಸವಾರರ ಸಾವುಗಳಲ್ಲಿ ಸುದ್ದಿಯಾದವುಗಳ ಪ್ರಮಾಣ ಶೇ 6ರಿಂದ ಶೇ 75ಕ್ಕೆ ಏರಿತು. ಹೀಗೆ ಸುದ್ದಿಗಳು ಹೆಚ್ಚಿದರೂ, ಕಾರಣವನ್ನೂ ಪರಿಹಾರವನ್ನೂ ಹೇಳದ ಸುದ್ದಿ ಭಯವನ್ನಷ್ಟೇ ಬಿತ್ತಿ ಜನರನ್ನು ಸೈಕಲ್ಲಿನಿಂದ ಇಳಿಸಬಹುದು. ಸವಾರರ ಸಂಖ್ಯೆ ಹೆಚ್ಚಿದಷ್ಟೂ ಒಬ್ಬೊಬ್ಬ ಸವಾರನ ಅಪಾಯ ಕಡಿಮೆಯಾಗುತ್ತದೆ ಎಂಬುದನ್ನು ಸಂಶೋಧಕ ಪೀಟರ್ ಜೇಕಬ್ಸನ್ 2003ರಲ್ಲಿ ಹಲವು ನಗರ ಮತ್ತು ದೇಶಗಳ ಅಂಕಿಅಂಶಗಳಿಂದ ತೋರಿಸಿದ್ದಾರೆ. ಆದ್ದರಿಂದ ಭಯ ಸವಾರರನ್ನು ಕಡಿಮೆ ಮಾಡಿದರೆ ಉಳಿದವರ ಅಪಾಯ ಹೆಚ್ಚುತ್ತದೆ.

ಬ್ರಿಟನ್ನಿನ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದು 2021ರಲ್ಲಿ ರಸ್ತೆ ಡಿಕ್ಕಿಗಳ ವರದಿಗೆ ಮಾರ್ಗಸೂಚಿಯನ್ನು ಪ್ರಕಟಿಸಿತು. ಆತ್ಮಹತ್ಯೆ, ಲೈಂಗಿಕ ದೌರ್ಜನ್ಯಗಳ ವರದಿಗೆ ನಿಯಮಗಳನ್ನು ಒಪ್ಪಿಕೊಂಡಿರುವ ಕನ್ನಡದ ಸುದ್ದಿಮನೆಗಳು ಇದಕ್ಕೂ ಒಂದು ನಿಯಮಾವಳಿಯನ್ನು ರೂಪಿಸಿಕೊಳ್ಳಬೇಕೆಂದು ಕೋರಲಾಗಿದೆ. ಅದರಲ್ಲಿ ಕನಿಷ್ಠ ಆರು ಅಂಶಗಳು ಇರಬೇಕು. ಮೊದಲನೆಯದಾಗಿ, ವಾಹನವನ್ನು ಹೆಸರಿಸಿದ ಕಡೆ ಅದರ ಚಾಲಕನೂ ವಾಕ್ಯದಲ್ಲಿ ಇರಬೇಕು. ಎರಡನೆಯದಾಗಿ, ಮೃತರ ದೋಷವನ್ನು ಹೇಳುವ ಮಾತಿಗೆ ಹೇಳಿದವರು ಯಾರೆಂಬ ಉಲ್ಲೇಖ ಇರಬೇಕು. ಪೊಲೀಸರ ಪರಿಶೀಲನೆ ಮುಗಿಯದಿದ್ದರೆ ಅದನ್ನು ಬರೆಯಬಾರದು. ಮೂರನೆಯದಾಗಿ, ದಾಖಲಾದ ಕಲಮುಗಳು ಯಾವುವು, ಆಪಾದನೆ ಏನು ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಬೇಕು. ನಾಲ್ಕನೆಯದಾಗಿ, ಆ ರಸ್ತೆಯ ವೇಗಮಿತಿ, ಬೆಳಕು, ಹಿಂದಿನ ಡಿಕ್ಕಿಗಳು ಮತ್ತು ಹೊಣೆ ಹೊತ್ತ ಇಲಾಖೆಯನ್ನು ಮರುದಿನದ ಸುದ್ದಿಯಲ್ಲಾದರೂ ಹೇಳಬೇಕು. ಐದನೆಯದಾಗಿ, ಯಮನನ್ನೂ ವಿಧಿಯನ್ನೂ ರಸ್ತೆ ಸಾವಿನ ತಲೆಬರಹದಿಂದ ಕೈಬಿಡಬೇಕು. ಆರನೆಯದಾಗಿ, ನ್ಯಾಯಾಲಯದಲ್ಲಿ ಪ್ರಕರಣದ ಗತಿ ಏನಾಯಿತೆಂಬುದನ್ನು ಬೆನ್ನುಹತ್ತಿ ಬರೆಯಬೇಕು, ಮತ್ತು ಬಡ ಕುಟುಂಬಗಳಿಗೆ ತಿಳಿಯದಿರುವ ಹಕ್ಕುಗಳನ್ನು ತಿಳಿಸಬೇಕು. ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದರೂ, 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಕೇಂದ್ರ ಯೋಜನೆಯಡಿ ಮೃತರ ಕುಟುಂಬಕ್ಕೆ 2 ಲಕ್ಷ ರೂಪಾಯಿ ಪರಿಹಾರ ಪಡೆಯುವ ಹಕ್ಕಿದೆ ಎಂಬ ಒಂದೇ ಒಂದು ವಾಕ್ಯ ಅಂಥ ಸುದ್ದಿಯ ಕೊನೆಯಲ್ಲಿ ಅಚ್ಚಾದರೆ ಎಷ್ಟೋ ಮನೆಗಳಿಗೆ ಅದು ಆಸರೆಯಾದೀತು.

ಕನ್ನಡ ಪತ್ರಿಕೆಗಳನ್ನು ಮುಂಜಾನೆಯ ಕತ್ತಲಲ್ಲಿ ಮನೆಮನೆಗೆ ತಲುಪಿಸುವವರಲ್ಲಿ ಬಹಳ ಮಂದಿ ಸೈಕಲ್ ತುಳಿಯುವ ಹುಡುಗರು. ಅವರು ಹೊತ್ತು ತರುವ ಪುಟಗಳಲ್ಲಿ ಅವರಂಥವರ ಜೀವಕ್ಕೆ ಕಾರಿನೊಳಗಿನವರ ಜೀವದಷ್ಟೇ ಬೆಲೆ ಇರಬೇಕು ಎಂಬುದು ಉಪಕಾರದ ಬೇಡಿಕೆಯಲ್ಲ, ಸಂವಿಧಾನ ಕೊಟ್ಟ ಸಮಾನತೆಯ ಬೇಡಿಕೆ. ಮುಂದಿನ ಬಾರಿ ಸೈಕಲ್ ಸವಾರನೊಬ್ಬನ ಸಾವಿನ ಸುದ್ದಿ ಮೇಜಿಗೆ ಬಂದಾಗ, ಅದನ್ನು ನಾಲ್ಕು ಸಾಲಿಗೆ ಇಳಿಸುವ ಮೊದಲು ಚಾಲಕ ಯಾರು, ವೇಗ ಎಷ್ಟು, ರಸ್ತೆ ಹೇಗಿತ್ತು ಎಂಬ ಮೂರು ಪ್ರಶ್ನೆಗಳನ್ನು ವರದಿಗಾರರಿಗೆ ಕೇಳಬೇಕೆಂದು ಎಲ್ಲ ಸಂಪಾದಕರಲ್ಲಿ ವಿನಂತಿ.

ಇತಿ,
ಸೈಕಲ್ ತುಳಿಯುವ ಕನ್ನಡ ಓದುಗರ ಪರವಾಗಿ